ಹಂದರದೊಳಗಿನ ಹಾಡು

ರೊಟ್ಟಿ ತಟ್ಟುವ ಹೊತ್ತಿನಲ್ಲಿ ನಮ್ಮ ಅಡುಗೆಮನೆಯಲ್ಲಿ ಈಗ ತಟ್ಟುವ ಸಪ್ಪಳ ಒಂದೇ ಇರುತ್ತದೆ. ಮೊದಲು ಹೀಗಿರಲಿಲ್ಲ. ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿ, ಅದರ ಮುಖ ಗೋಡೆಯ ಕಡೆ ತಿರುಗಿಸಿ, ಅಕ್ಕನ ಹಾಡು ಹಚ್ಚುತ್ತಿದ್ದೆ. ಚಿತ್ರ ನನಗೆ ಬೇಕಿರಲಿಲ್ಲ, ದನಿ ಸಾಕಿತ್ತು. ಆಕೆ ಸಾಲು ಎಳೆದು ನಿಲ್ಲಿಸಿದ ಕಡೆ ನನ್ನ ಅಂಗೈ ಹಿಟ್ಟಿನ ಮೇಲೆ ಬೀಳುತ್ತಿತ್ತು. ಆಕೆ ನಕ್ಕ ಕಡೆ ನಾನೂ ನಗುತ್ತಿದ್ದೆ. ರೊಟ್ಟಿ ಎಷ್ಟೋ ಸಲ ಹೊತ್ತಿದೆ. ಹೊತ್ತಿದ ರೊಟ್ಟಿಯನ್ನು ಯಜಮಾನರು ಸುಮ್ಮನೆ ತಿಂದಿದ್ದಾರೆ. ಅದೂ ಸನ್ನತಿಯ ತಾಯಿ ಚಂದ್ರಲಾಂಬೆಯ ದಯೆಯೇ.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನಮ್ಮ ಕಡೆ ನೆಗೆಣ್ಣಿ ಅನ್ನುತ್ತಾರೆ. ನಾನು ಮದುವೆಯಾಗಿ ಶಹಾಬಾದಿಗೆ ಬಂದಾಗ ಒಲೆಗೆ ಕಟ್ಟಿಗೆ ಹೇಗೆ ಒಟ್ಟಬೇಕು ಎಂಬುದೂ ನನಗೆ ಗೊತ್ತಿರಲಿಲ್ಲ. ಅತ್ತೆ ಬೈಯುವ ಮೊದಲೇ ಆಕೆ ಅತ್ತೆಯ ದನಿಯಲ್ಲಿ ನನಗೆ ಬೈದು ಮುಗಿಸುತ್ತಿದ್ದಳು. ಅಷ್ಟು ಹುಬೇಹೂಬು ಬೈಯುತ್ತಿದ್ದಳೆಂದರೆ, ಹೊರಗೆ ಕೂತ ಮಾವ, "ಸಾಕು ಬಿಡು, ಹೊಸಾ ಹುಡುಗಿ ಅದ" ಎಂದು ಅತ್ತೆಗೆ ಹೇಳುತ್ತಿದ್ದರು. ಪಾಪ, ಅತ್ತೆ ಆಗ ಗುಡಿಯಲ್ಲಿರುತ್ತಿದ್ದರು.

ಆಮೇಲೆ ಭಾವನಿಗೆ ಚಿಂಚೋಳಿಗೆ ವರ್ಗವಾಯಿತು. ಊರಿಗೆ ಹತ್ತಿಕೊಂಡೇ ಇರುವ ಚಂದಾಪುರದಲ್ಲಿ ಮನೆ ಮಾಡಿ ಅಲ್ಲೇ ಉಳಿದರು. ಬಸ್ಸಿನ ದಾರಿ ಅಷ್ಟೇನೂ ದೂರವಲ್ಲ, ಆದರೆ ಒಲೆಯ ಆ ಬದಿಗೆ ಕೂತವಳು ಬಸ್ಸಿನಾಚೆಗೆ ಹೋದಳೆಂದರೆ ದೂರವೇ. ಅಂದಿನಿಂದ ಮದುವೆ, ಬಸುರಿಗೆ ಮಾಡುವ ಕುಬಸ, ಕೂಸಿನ ತೊಟ್ಟಿಲು, ಯಾವುದಾದರೊಂದಕ್ಕೆ ಹಂದರ ಹಾಕಿದಾಗಲೇ ಆಕೆಯ ದನಿ ನಮಗೆ.

ಆ ದನಿಗೆ ಒಂದು ವಿಶೇಷ ಇತ್ತು. ಬೀಗರ ಹಾಡಿನಲ್ಲಿ ಆಕೆಯನ್ನು ಮೀರಿಸುವವರು ಈ ಸೀಮೆಯಲ್ಲಿ ಇಲ್ಲ ಅಂತ ನನ್ನ ನಂಬಿಕೆ. ಬೀಗರು ಪಂಕ್ತಿಗೆ ಕೂತಾಗ ಈ ಕಡೆಯ ಹೆಂಗಸರು ಆ ಕಡೆಯವರನ್ನು ಹಾಡಿನಲ್ಲಿ ಹೀಯಾಳಿಸುವುದು, ಆ ಕಡೆಯವರು ಎದ್ದು ಹಾಡಿನಲ್ಲೇ ತಿರುಗಿಸಿ ಕೊಡುವುದು ನಮ್ಮ ಪದ್ಧತಿ. ಅಲ್ಲೇ ಹುಟ್ಟಿ ಅಲ್ಲೇ ಮುಗಿಯುವ ಹಾಡು ಅದು. ಕೈತೊಳೆದ ಮೇಲೆ ಯಾರ ಮನಸ್ಸಿನಲ್ಲೂ ಇರುವುದಿಲ್ಲ. ಹೀಯಾಳಿಸಿಕೊಂಡವಳೇ ಹೀಯಾಳಿಸಿದವಳ ಎಲೆಗೆ ಹೋಳಿಗೆ ನೀಡುತ್ತಾಳೆ.

ಚಿತ್ತಾಪುರದಲ್ಲಿ ನನ್ನ ನಾದಿನಿಯ ಮಗನ ಮದುವೆ ಆಯಿತು. ಹೆಣ್ಣು ಸೇಡಂ ಕಡೆಯವಳು. ಹೆಣ್ಣಿನ ತಾಯಿ ಎತ್ತರದ ಆಳು, ದನಿಯೂ ದೊಡ್ಡದು, ನಮ್ಮ ಅಕ್ಕನಿಗೆ ಸರಿಜೋಡಿ. ಪಂಕ್ತಿ ಕೂತಿತು. ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು.

"ಸೇಡಂ ಬೀಗತಿ ಬಂದಾಳ, ಲಾಡೂ ಬುಟ್ಟಿ ತಂದಾಳ,
ಶಾಬಾದ ಕಲ್ಲಿಗಿ ಹೊಡದ್ರ ಕಲ್ಲೇ ಒಡದು ಹೋದೀತ.
ತುಪ್ಪ ನೀಡಾಕ ಸೌಟು ಮರತು ಕಾಡಿಗಿ ಕಡ್ಡಿ ತಂದಾಳ,
ಎಲಿ ಎಲಿಗೂ ಕಡ್ಡಿ ಎದ್ದಿ ಬೊಟ್ಟು ಇಟ್ಟು ಹೋಗ್ಯಾಳ."

ಹಂದರ ನಗುವಿನಲ್ಲಿ ಅಲುಗಾಡಿತು. ಬೀಗತಿಗೆ ಉಣ್ಣಲಾಗಲಿಲ್ಲ, ಎಡಗೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ತುತ್ತು ನುಂಗಿ ಎದ್ದು ನಿಂತು ತಿರುಗಿಸಿ ಕೊಟ್ಟಳು.

"ಲಾಡೂ ಗಟ್ಟಿ ಅಲ್ಲವ್ವ, ನಿಮ್ಮ ಹಲ್ಲೇ ಸಡಲ್ಯಾವ,
ವಾಡಿ ಸಿಮೆಂಟ್ ತರಸಿ ಮೊದಲ ಹಲ್ಲು ಕೂಡಿಸ್ಕೊಳ್ರೆವ್ವ."

ಅಕ್ಕನೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಪಕ್ಕದಲ್ಲೇ ಕೂತಿದ್ದೆ, ಆಕೆಯ ಬಳೆಗಳು ನನ್ನ ಮೊಣಕೈಗೆ ತಾಗುತ್ತಿದ್ದವು. ಅಂಥ ಮಧ್ಯಾಹ್ನ ಮತ್ತೆ ಬಂದಿಲ್ಲ.

ನಾದಿನಿ ಅದನ್ನು ಫೋನಿನಲ್ಲಿ ಹಿಡಿದಿದ್ದಳು. ಅಕ್ಕನ ಪಾಲು ಮಾತ್ರ ಹಿಡಿದಿದ್ದಳು, ಬೀಗತಿ ಎದ್ದು ನಿಲ್ಲುವ ಹೊತ್ತಿಗೆ ಯಾರೋ ಪಾಯಸಕ್ಕೆ ಕರೆದರಂತೆ. ನಮ್ಮ ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಹೆಮ್ಮೆಯಿಂದ ಹಾಕಿದಳು. ಅಲ್ಲಿಂದ ಯಾರೋ ಯಾರಿಗೋ ಕಳಿಸಿದರು. ಅವರು ಇನ್ಯಾರಿಗೋ. ಹಂದರ ನೋಡಿರದ, ಲಾಡೂ ತಿಂದಿರದ ಜನರ ಕೈಗೆ ಹೋಯಿತು. ಗುರುತಿಲ್ಲದವರೊಬ್ಬರ ಪುಟದಲ್ಲಿ, ಮಗನ ಅತ್ತೆಗೆ ಹೇಗೆ ಬೈಯುತ್ತಾಳೆ ನೋಡಿ ಎಂದು ತಲೆಬರಹ ಹಾಕಿ ಬಿಟ್ಟರು. ಮಗನೂ ಆಕೆಯವನಲ್ಲ, ಅದು ಬೈಗುಳವೂ ಅಲ್ಲ. ಅದರ ಕೆಳಗೆ ಜನ ಬರೆದದ್ದನ್ನು ನಾನು ಪೂರ್ತಿ ಓದಲಾರದೆ ಬಿಟ್ಟೆ. ಅಕ್ಕನ ಹಲ್ಲಿನ ಬಗ್ಗೆ ಬರೆದಿದ್ದರು. ವಯಸ್ಸಿನ ಬಗ್ಗೆ ಬರೆದಿದ್ದರು. ಇಂಥ ಮನೆಗೆ ಹೆಣ್ಣು ಕೊಡಬಾರದು ಅಂತ ಒಬ್ಬರು.

ಚಂದಾಪುರದ ಸಂತೆಯಲ್ಲಿ ಕಾಯಿಪಲ್ಯದವಳು ಅಕ್ಕನ ಮುಖ ನೋಡಿ, "ಯಕ್ಕಾ, ವಿಡಿಯೋದಾಗ ಬಂದಾಕಿ ನೀವೇ ಏನ್ರಿ?" ಅಂದಳಂತೆ. ಅಕ್ಕ ಬದನೆಕಾಯಿ ಅಲ್ಲೇ ಬಿಟ್ಟು ಮನೆಗೆ ಬಂದಳು. ಇದನ್ನು ಭಾವ ನನಗೆ ಫೋನಿನಲ್ಲಿ ಹೇಳಿದರು. ಅದೇ ಸಂಜೆ ಆಕೆ ಗ್ರೂಪಿನಿಂದ ಹೊರಗೆ ಹೋದರು ಎಂಬ ಸಣ್ಣ ಸಾಲು ಫೋನಿನಲ್ಲಿ ಕಂಡಿತು. ನಮ್ಮಲ್ಲಿ ಯಾರ ಮನೆಯಿಂದ ಏಳುವಾಗಲೂ ಬರ್ತೀನಿ ಅಂತ ಹೇಳಿಯೇ ಏಳುತ್ತಾರೆ. ಹೇಳದೆ ಏಳುವುದು ಸಾವಿನ ಮನೆಯಿಂದ ಮಾತ್ರ. ಆ ಸಣ್ಣ ಸಾಲು ನೋಡಿ ನನಗೆ ಅದೇ ನೆನಪಾಯಿತು.

ಆಮೇಲೆ ಆಕೆ ಹಾಡುವುದನ್ನೇ ಬಿಟ್ಟಳು. ಬೀಗರ ಹಾಡಷ್ಟೇ ಅಲ್ಲ, ಶುಕ್ರವಾರದ ಆರತಿಯ ಹಾಡೂ ನಿಂತಿತು. ನಾನು ಫೋನ್ ಮಾಡಿದರೆ, "ಆರಾಮ ಅದೀಯಲ್ಲ? ಮಗಳು ಆರಾಮ ಅದಾಳಲ್ಲ? ಸಾಕು, ಇಡ್ತೀನಿ" ಎಂದು ಇಟ್ಟುಬಿಡುತ್ತಿದ್ದಳು. ಕಾಡು ಹರಟೆಯ ಅಕ್ಕ ಎಲ್ಲೋ ಹೋಗಿದ್ದಳು. ನನ್ನ ಹತ್ತಿರ ಉಳಿದದ್ದು ಆ ವಿಡಿಯೋ ಒಂದೇ.

ಈಗ ಒಂದು ಪಾಠದ ವಿಷಯ ಹೇಳಬೇಕು. ನಮ್ಮ ಓಣಿಯ ಗುಡಿಯ ಹಿಂದೆ ಕಲ್ಲು ಹಾಸಿದ ಒಂದು ಕೋಣೆ ಇದೆ. ಶುಕ್ರವಾರ ಅಲ್ಲಿ ಭಜನೆ. ಭಜನೆ ಮುಗಿದ ಮೇಲೆ ಲೈಬ್ರರಿಯ ಮೇಡಂ ಬಂದು ಹೆಂಗಸರಿಗೆ ಫೋನಿನ ಪಾಠ ಹೇಳುತ್ತಿದ್ದರು. ಒಳ್ಳೆಯ ಹುಡುಗಿ, ಓದಿದವಳು, ಆದರೆ ಮಾತೆಲ್ಲ ಪುಸ್ತಕದ್ದು. "ಡಿಜಿಟಲ್ ಪೌರತ್ವ ಎಂದರೆ ಆನ್‌ಲೈನ್ ಸಮುದಾಯದಲ್ಲಿ ಜವಾಬ್ದಾರಿಯುತ ಭಾಗವಹಿಸುವಿಕೆ" ಎಂದು ಹೇಳಿ ನಮ್ಮ ಮುಖ ನೋಡುತ್ತಿದ್ದಳು. ನಾವು ಆಕೆಯ ಮುಖ ನೋಡುತ್ತಿದ್ದೆವು. ಒಂದು ದಿನ ನನ್ನ ಪಕ್ಕದವಳು ಕಿವಿಯಲ್ಲಿ, "ಏನಂತಾಳವ್ವ ಈಕಿ?" ಅಂದಳು. ನಾನು ಮೆಲ್ಲಗೆ, "ಗ್ರೂಪ್ ಅಂದ್ರ ಮಂದಿ ಪಡಸಾಲಿ ಇದ್ದಂಗ. ಚಪ್ಪಲಿ ಹೊರಗ ಬಿಟ್ಟು, ಅದೀರೇನ್ರಿ ಅಂತ ಕೇಳಿ ಒಳಗ ಬಾ ಅಂತಾಳ" ಅಂದೆ. ಮೇಡಂ ಕೇಳಿಸಿಕೊಂಡು ಪುಸ್ತಕ ಮುಚ್ಚಿ, "ಅವ್ವಾರೇ, ಅದನ್ನೇ ಎಲ್ಲರಿಗೂ ಕೇಳೋ ಹಾಗೆ ಹೇಳಿ" ಅಂದಳು. ಹಾಗೆ ನಾನು ಟೀಚರ್ ಆದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ದೇವರು ಇಂಥದ್ದೊಂದು ಕೂಡಿಸಿ ಕೊಟ್ಟ.

ನಾನು ಹೇಳುತ್ತಿದ್ದದ್ದು ಮನೆಯ ಮಾತೇ. ವಿಡಿಯೋ ಕಾಲ್ ಮಾಡುವ ಮೊದಲು ಮಾಡಲೇನು ಅಂತ ಕೇಳಿರಿ. ಅವರು ತಲೆಗೆ ಎಣ್ಣೆ ಹಚ್ಚಿ ಕೂತಿರಬಹುದು. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಒಯ್ಯುವವಳನ್ನು ನಾವು ಏನಂತ ಕರೆಯುತ್ತೇವೆ? ಗೊತ್ತಲ್ಲ. ಹಾಗಾದರೆ ಕಂಡದ್ದೆಲ್ಲ ಫಾರ್ವರ್ಡ್ ಮಾಡುವವರನ್ನು ಏನಂತ ಕರೆಯೋಣ?

"ನಮ್ಮ ಮಾವನ ಹೆಸರು ಹೇಳಬ್ಯಾಡ್ರಿ ಟೀಚರ್‌ರ, ಗಂಡನ ಮನಿ ಮಾನ ಅದ" ಎಂದು ಬಳೆಗಾರರ ಮನೆಯ ಸೊಸೆ ಅಂದಳು. ಎಲ್ಲರೂ ನಕ್ಕರು.

"ಸಿಟ್ಟು ಬಂದಾಗ ಗ್ರೂಪಿನಾಗ ಬರೀಬ್ಯಾಡ್ರಿ, ಮೊದಲ ಒಂದು ಚಹಾ ಮಾಡಿ ಕುಡೀರಿ" ಅಂದೆ.

"ಚಹಾ ಮಾಡಿಲ್ಲ ಅಂತೇ ಸಿಟ್ಟು ಬಂದಿದ್ರ?" ಎಂದು ಇನ್ನೊಬ್ಬಳು.

ಪಾಠ ಹೀಗೆ ನಡೆಯುತ್ತಿತ್ತು. ಒಂದು ಶುಕ್ರವಾರದ ಪಾಠ ಫೋಟೋ, ವಿಡಿಯೋದ ಬಗ್ಗೆ. ಕೇಳದೆ ಯಾರದೂ ಹಾಕಬಾರದು, ಕೇಳದೆ ಮುಂದೆ ಕಳಿಸಬಾರದು ಅಂತ ಹೇಳುತ್ತಿದ್ದೆ. ಬಳೆಗಾರರ ಮನೆಯ ಸೊಸೆಯೇ ಕೈ ಎತ್ತಿದಳು.

"ನಗೂ ಅಂಥಾದ್ದು ಇದ್ರೂ ಕಳಸಬಾರದೇನ್ರಿ? ನನ್ನ ಹತ್ರ ಒಂದದ. ಒಬ್ಬಾಕಿ ಮುದಕಿ ಬೀಗತಿಗಿ ಹೆಂಗ ಬೈತಾಳ ನೋಡ್ರಿ. ನಮ್ಮ ಮನ್ಯಾಗ ಎಲ್ಲಾರೂ ದಿನಾ ಹಚ್ಚಿ ನಗ್ತೀವಿ."

ಆಕೆ ಫೋನ್ ಎತ್ತಿ ಹಿಡಿದಳು. ಸೇಡಂ ಬೀಗತಿ ಬಂದಾಳ ಎಂಬ ಸಾಲು ಕಲ್ಲಿನ ಕೋಣೆಯಲ್ಲಿ ಮೊಳಗಿತು. ಎಲ್ಲರೂ ಮುಂದಕ್ಕೆ ಬಾಗಿ ನೋಡಿದರು. "ಹಲ್ಲು ನೋಡ್ರೆ ಆಕಿವು" ಅಂತ ಯಾರೋ ಅಂದರು. ನನಗೆ ನನ್ನ ಅಡುಗೆಮನೆಯೇ ಬೀದಿಗೆ ಬಿದ್ದ ಹಾಗಾಯಿತು. ದನಿ ಅದೇ, ಆದರೆ ಇಲ್ಲಿ ಅದು ಬೈಗುಳವಾಗಿತ್ತು.

"ಈಕಿ ನಮ್ಮ ಅಕ್ಕ" ಅಂದೆ.

ಫೋನ್ ಬಂದ್ ಆಯಿತು. ಆಮೇಲೆ ನಾನು ಹಂದರದ ಸಂಗತಿ ಎಲ್ಲ ಹೇಳಿದೆ. ಬೀಗತಿ ಎದ್ದು ಕೊಟ್ಟ ಉತ್ತರವನ್ನೂ ಹೇಳಿದೆ, ಅಕ್ಕ ಈಗ ಆರತಿಯನ್ನೂ ಹಾಡುವುದಿಲ್ಲ ಅನ್ನುವುದನ್ನೂ ಹೇಳಿದೆ. ಬಳೆಗಾರರ ಸೊಸೆಗೆ ಕಣ್ಣಲ್ಲಿ ನೀರು ಬಂತು. "ನನಗ ಗೊತ್ತಿದ್ದಿಲ್ರೀ ಅವ್ವಾರ" ಅಂದಳು. ಆಕೆಗೆ ಗೊತ್ತಿರಲಿಲ್ಲ, ಖರೇ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಕೈಗೆ ಹೋಗುವುದೇ ಅದರ ಕೆಲಸ.

ಮೇಡಂ ಹತ್ತಿರ ಬಂದು, ಆ ಪುಟದ ಮೇಲೆ ದೂರು ಕೊಡಬಹುದು ಅಂತ ತೋರಿಸಿದಳು. ಅಲ್ಲೇ ಕೂತು ಎಲ್ಲ ಹೆಂಗಸರೂ ಒಬ್ಬೊಬ್ಬರಾಗಿ ದೂರು ಒತ್ತಿದರು, ಓದಲು ಬಾರದವರ ಬೆರಳನ್ನು ಬಲ್ಲವರು ಹಿಡಿದು ಒತ್ತಿಸಿದರು. ಕೆಲವು ದಿನಗಳ ಮೇಲೆ ಆ ಪುಟದಿಂದ ಅದು ಹೋಗಿತ್ತು. ಬೇರೆ ಎಲ್ಲೆಲ್ಲಿ ಉಳಿದಿದೆಯೋ ದೇವರೇ ಬಲ್ಲ. ಮೇಡಂ ಹೇಳಿದ ಇನ್ನೊಂದು ಮಾತು ನನ್ನ ಎದೆಯಲ್ಲಿ ಕೂತಿತು. "ಗ್ರೂಪಿಗೆ ಹಾಕಿ ಇಷ್ಟು ದಿನ ಆದಮೇಲೆ ಹಾಕಿದವರು ಅಳಿಸಿದರೂ ಉಳಿದವರ ಫೋನಿನಿಂದ ಹೋಗೋದಿಲ್ಲ ಅವ್ವಾರೇ. ಅವರವರೇ ಅಳಿಸಬೇಕು."

ಅಂದರೆ ಮನೆಮನೆಗೆ ಹೋಗಬೇಕು. ಮನೆಮನೆಗೆ ಹೋಗುವುದು ನಮಗೇನು ಹೊಸದೇ? ಬಸುರಿ ಮಗಳಿಗೆ ಆಗ ಐದು ತಿಂಗಳು ತುಂಬಿತ್ತು. ತವರಿನ ಕುಬಸ ನಾವೇ ಮಾಡಬೇಕಿತ್ತು, ಬಂಧುಗಳನ್ನು ಕುಂಕುಮ ಹಚ್ಚಿ ಕರೆಯಬೇಕಿತ್ತು. ಕರೆಯಲು ಹೋದ ಮನೆಯಲ್ಲೇ ಕುಂಕುಮ ಹಚ್ಚಿ ಇದನ್ನೂ ಕೇಳಿದರಾಯಿತು ಅಂದುಕೊಂಡೆ. ಕುಂಕುಮ ಹಚ್ಚಿ ಕೇಳಿದ್ದಕ್ಕೆ ಇಲ್ಲ ಅನ್ನುವವರು ನಮ್ಮಲ್ಲಿ ಕಡಿಮೆ. ಸನ್ನತಿಯ ಚಂದ್ರಲಾಂಬೆಯ ಗುಡಿಯಿಂದ ತಂದಿದ್ದ ಕುಂಕುಮವನ್ನೇ ಬಟ್ಟಲಿಗೆ ಹಾಕಿಕೊಂಡೆ. "ತಾಯಿ, ಆಕಿ ಬಾಯಿ ತೆರಸು, ನನಗ ಬ್ಯಾರೆ ಏನೂ ಬ್ಯಾಡ" ಅಂತ ಬೇಡಿಕೊಂಡೆ.

ಮೊದಲು ವಾಡಿ. ಅಲ್ಲಿ ಯಜಮಾನರ ಸೋದರತ್ತೆ ಇದ್ದಾರೆ. ಅವರ ಅಂಗಳದ ಬೇವಿನ ಮರದ ಎಲೆ ಮೇಲೆ ಯಾವಾಗಲೂ ಸಿಮೆಂಟಿನ ಬೂದಿಬಣ್ಣ. ಅತ್ತೆ ಹಾಸಿಗೆಯಿಂದ ಏಳುವ ಮೊದಲೇ ಊರಿಗೆಲ್ಲ ಹೂವಿನ ಚಿತ್ರ ಕಳಿಸುವವರು. ಕುಂಕುಮ ಹಚ್ಚಿಸಿಕೊಂಡು, ಮಾತು ಕೇಳಿ, ಫೋನ್ ನನ್ನ ಕೈಗಿಟ್ಟರು.

"ನೀನೇ ಅಳಸವ್ವ. ಆದ್ರ ಜರಾ ನೋಡಿ ಅಳಸು. ಅದರ ಬಾಜೂಕೇ ಹಣಮಪ್ಪನ ಫೋಟೋ ಅವ. ಅವು ಹೋದ್ರ ನಾಳೆ ನಾ ಯಾರಿಗಿ ಏನ್ ಕಳಸ್ಲಿ?"

"ಯಾರಿಗೂ ಕಳಸಬ್ಯಾಡ್ರಿ ಅತ್ತಿ, ಒಂದಿನ ಸುಮ್ನ ಕುಂದ್ರಿ."

"ಸುಮ್ನ ಕುಂತ್ರ ನಾ ಸತ್ತೀನಿ ಅಂತ ತಿಳ್ಕೊಂಡು ಎಲ್ಲಾರೂ ಗಾಡಿ ಹತ್ತಿ ಬರ್ತಾರ. ಖರ್ಚು ಯಾರು ನೋಡಬೇಕು?"

ಹಣಮಪ್ಪನನ್ನು ಉಳಿಸಿ ಅಕ್ಕನನ್ನು ಅಳಿಸಿದೆ. ಕುಬಸದ ದಿನ ಹಾಡಿನ ಹೊತ್ತಿಗೆ ಎಲ್ಲರ ಫೋನೂ ದೇವರ ಮನೆಯಲ್ಲಿ ಇರಬೇಕು ಅಂತಲೂ ಹೇಳಿದೆ. "ಇರಲಿ ಬಿಡು, ದೇವರಿಗೂ ನನ್ನ ಗುಡ್ ಮಾರ್ನಿಂಗ್ ಮುಟ್ಟಲಿ" ಅಂದರು.

ವಾಡಿಯಿಂದ ಚಿತ್ತಾಪುರಕ್ಕೆ ರೈಲು. ಕಿಟಕಿಯ ಬದಿ ಜಾಗ ಸಿಕ್ಕಿತು, ತೊಗರಿಯ ಹೊಲಗಳು ಹೂವಿಗೆ ಬಂದಿದ್ದವು. ಅಷ್ಟು ನೆಮ್ಮದಿಯ ಪಯಣದಲ್ಲೂ ನನ್ನ ಎದೆ ಮಾತ್ರ ನಾದಿನಿಯ ಮನೆಯಲ್ಲಿತ್ತು. ಹಾಡು ಹಿಡಿದವಳು ಆಕೆ, ಮಾತು ಸಣ್ಣದಾಗಿ ಮುಗಿಯುವಂಥದ್ದಲ್ಲ.

ನಾದಿನಿ ಅಡುಗೆಮನೆಗೇ ಕರೆದೊಯ್ದಳು. ಮಾತು ಕೇಳಿ ಚಹಾದ ಪಾತ್ರೆ ಒಲೆ ಮೇಲೆ ಕುಕ್ಕಿದಳು.

"ನಾ ಏನ್ ಕಳವು ಮಾಡೀನೇನ್ರಿ ಸಣ್ಣ ವೈನಿ? ನಮ್ಮ ದೊಡ್ಡ ವೈನಿ ಹಾಡ್ಯಾಳ, ನೋಡ್ರಿ ನಮ್ಮ ಮನಿ ಹೆಣ್ಣಮಗಳು ಹೆಂಗದಾಳ ಅಂತ ಹಾಕಿದೆ. ಊರ ಮಂದಿ ಹೊಲಸು ಮಾಡಿದ್ರ ನಂದೇನು ತಪ್ಪು?"

"ನಿನ್ನ ತಪ್ಪು ಅಂತ ಹೇಳಾಕ ಬಂದಿಲ್ಲವ್ವ. ಅಳಸು ಅಂತ ಕೇಳಾಕ ಬಂದೀನಿ."

"ಎಲ್ಲಾರ ಮನಿಗೂ ಹೋಗಿ ಕೇಳಾಕತ್ತೀರಿ. ನಿಮ್ಮ ಫೋನ್‌ದಾಗ ಅದನೋ ಇಲ್ಲೋ? ತೋರಸ್ರಿ ಮೊದಲ."

ನಾನು ತೋರಿಸಿದೆ. ಇತ್ತು.

ಹಾಡು ಮನಸ್ಸಿನಿಂದ ಅಳಿಯುವುದಿಲ್ಲ ಅಂತ ಜನ ಹೇಳಬಹುದು. ನನ್ನ ಮನಸ್ಸು ಅಂಥದ್ದಲ್ಲ. ತೀರಿಕೊಂಡ ನಮ್ಮ ಅತ್ತೆಯ ದನಿ ನನಗೆ ಈಗ ನೆನಪಿಲ್ಲ, ಅಕ್ಕ ಅಣಕಿಸುತ್ತಿದ್ದ ಅತ್ತೆಯ ದನಿ ಮಾತ್ರ ನೆನಪಿದೆ. ನನ್ನ ತಾಯಿಯ ದನಿಯೂ ಹೋಗಿದೆ. ದನಿ ಮುಖಕ್ಕಿಂತ ಮೊದಲು ಮರೆಯುತ್ತದೆ. ಅಕ್ಕ ಮತ್ತೆ ಹಾಡದಿದ್ದರೆ, ಇದನ್ನೂ ಅಳಿಸಿಬಿಟ್ಟರೆ, ನನಗೆ ಏನುಳಿಯಿತು? ಚಿತ್ತಾಪುರದ ಆ ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತು ನಾನು ಇದನ್ನೇ ಯೋಚಿಸಿದೆ. ಅನ್ಯರಿಗೆ ಹೇಳಿಕೊಡುವ ಪಾಠ ಬಾಯಲ್ಲಿ ಸಲೀಸು, ಬೆರಳಿಗೆ ಬರುವಾಗ ಭಾಳ ಭಾರ.

ನಾದಿನಿ ನನ್ನ ಮುಖ ನೋಡಿದಳು. ದನಿ ಇಳಿಸಿ, "ಒಂದು ಸಲ ಹಚ್ಚೋಣ ವೈನಿ, ಆಮ್ಯಾಲ" ಅಂದಳು.

ಹಚ್ಚಿದೆವು. ಫೋನನ್ನು ಗೋಡೆಗೆ ತಿರುಗಿಸಲಿಲ್ಲ, ಮೊದಲ ಸಲ ಚಿತ್ರವನ್ನೂ ಸರಿಯಾಗಿ ನೋಡಿದೆ. ಅಕ್ಕನ ಪಕ್ಕ ಚೌಕಟ್ಟಿನ ಅಂಚಿನಲ್ಲಿ ಅರ್ಧ ನಾನೂ ಇದ್ದೆ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ. ಕಾಡಿಗೆ ಕಡ್ಡಿಯ ಸಾಲಿಗೆ ನಾದಿನಿ ನಕ್ಕಳು, ನಾನೂ ನಕ್ಕೆ. ಮುಗಿದ ಮೇಲೆ ಇಬ್ಬರೂ ಅಳಿಸಿದೆವು. ಮೊದಲು ನಾನು, ಆಮೇಲೆ ಆಕೆ. ಚಹಾ ಉಕ್ಕಿ ಒಲೆ ಆರಿಹೋಗಿತ್ತು.

ಆ ದಿನ ಅಲ್ಲೇ ಉಳಿದು ಮರುದಿನ ಬೆಳಿಗ್ಗೆ ಸೇಡಮ್ಮಿಗೆ ಹೋದೆ. ಹೀಯಾಳಿಸಿಕೊಂಡ ಬೀಗತಿಯನ್ನು ಕರೆಯದೆ ಕುಬಸ ಮಾಡುವಂತಿಲ್ಲ. ಕರೆಯಲು ಹೋದರೆ ಆಕೆ ಏನನ್ನುತ್ತಾಳೋ ಎಂಬ ಅಂಜಿಕೆ. ಮದುವೆಯಾದ ಮೇಲೆ ಅವರು ನಮ್ಮ ಕಡೆ ಬಂದಿರಲಿಲ್ಲ. ಬೀಗತಿ ಅಂಗಳದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. "ಬರ್ರಿ, ಕುಂದ್ರಿ" ಅಂದಳು, ಮೊರ ಮಾತ್ರ ಕೆಳಗಿಡಲಿಲ್ಲ. ನಾನು ಕುಂಕುಮ ಹಚ್ಚಿ, ಆದದ್ದಕ್ಕೆ ನಮ್ಮ ಮನೆಯ ಪರವಾಗಿ ಕೈ ಮುಗಿದೆ.

"ಬೈಸ್ಕೊಂಡಿದ್ದಕ್ಕ ಸಿಟ್ಟು ಅಂತ ತಿಳ್ಕೊಂಡೀರಿ ನೀವು" ಅಂದಳು ಬೀಗತಿ. "ಅಷ್ಟು ಛಂದ ಬೈಯಾಕ ಯಾರಿಗಿ ಬರ್ತದರಿ? ನನ್ನ ಹೊಟ್ಟಿ ಉರಿದಿದ್ದು ಬ್ಯಾರೆ. ನಾ ಎದ್ದು ನಿಂತು ಕೊಟ್ಟೀನಲ್ಲ ಉತ್ತರ, ಅದೆಲ್ಲಿ? ಅದನ್ನ ಯಾರೂ ಹಿಡೀಲಿಲ್ಲ. ಜಗತ್ತಿಗೆಲ್ಲ ನಾ ಬಾಯಿ ಇಲ್ಲದಾಕಿ ಆಗಿ ಕಂಡೆ. ನನ್ನ ಮಗಳಿಗಿ ಆಕಿ ಕೆಲಸಕ್ಕ ಹೋಗೋ ಕಡೆ ಕೇಳ್ತಾರಂತ, ನಿಮ್ಮವ್ವ ಸುಮ್ನ ಕುಂತು ಉಂಡಳೇನು ಅಂತ."

ನನಗೆ ಇದು ಹೊಳೆದೇ ಇರಲಿಲ್ಲ. ಇಷ್ಟು ದಿನ ಒಬ್ಬಳ ನೋವನ್ನು ಮಾತ್ರ ಹೊತ್ತುಕೊಂಡು ತಿರುಗಿದ್ದೆ.

"ನಿಮ್ಮ ಉತ್ತರ ನನಗ ಬಾಯಿಪಾಠ ಅದರಿ" ಅಂದೆ. ಹೇಳಿ ತೋರಿಸಿದೆ. ವಾಡಿ ಸಿಮೆಂಟು, ಹಲ್ಲು, ಎಲ್ಲ. ನನಗೆ ರಾಗ ಬರುವುದಿಲ್ಲ, ಸಾಮಾನಿನ ಚೀಟಿ ಓದಿದ ಹಾಗೆ ಹೇಳಿದೆ. ಬೀಗತಿ ಮೊರ ಕೆಳಗಿಟ್ಟಳು. ನಕ್ಕಳು.

"ಇನ್ನ ನಮ್ಮ ಶುಕ್ರವಾರದ ಪಾಠದಾಗೂ ಇದನ್ನ ಹೇಳ್ತೀನ್ರಿ, ಅರ್ಧಾ ಹಿಡದು ಅರ್ಧಾ ಬಿಟ್ರ ಹೆಂಗ ಆಗ್ತದ ಅಂತ" ಅಂದೆ.

"ಪಾಠ ಏನರ ಇರಲಿ. ನಿಮ್ಮ ಅಕ್ಕಗ ಹೋಗಿ ಹೇಳ್ರಿ, ಇನ್ನೊಂದು ಕಟ್ಟಿ ಇಟ್ಟೀನಿ. ಆಕಿ ಎದುರು ಕುಂತ್ರ ಹಾಡ್ತೀನಿ, ಇಲ್ಲಂದ್ರ ಇಲ್ಲ. ಗ್ವಾಡಿ ಮುಂದ ನಿಂತು ಹಾಡಾಕ ನನಗೇನು ಹುಚ್ಚು ಹಿಡದದೇನು?"

ಈ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡ ಹಾಗೆ ಹಿಡಿದು ಚಿಂಚೋಳಿ ಬಸ್ಸು ಹತ್ತಿದೆ. ನಿಂತೇ ಹೋಗಬೇಕಾಯಿತು. ಅರ್ಧ ದಾರಿಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಸರಿದು ಕೂತು ಅರ್ಧ ಜಾಗ ಕೊಟ್ಟಳು. ಅಂಥವರು ಬಸ್ಸಿನಲ್ಲಿ ಇರುವವರೆಗೆ ಫೋನಿನಲ್ಲಿ ಯಾರು ಏನು ಬರೆದರೂ ಲೋಕದ ಮೇಲೆ ನನ್ನ ನಂಬಿಕೆ ಹೋಗುವುದಿಲ್ಲ.

ಚಂದಾಪುರದಲ್ಲಿ ಅಕ್ಕ ಬಾಗಿಲು ತೆಗೆದಳು. ಸೊರಗಿದ್ದಳು. ತಲೆ ಮೇಲೆ ಸೆರಗು ಬಿಗಿಯಾಗಿ ಎಳೆದುಕೊಂಡಿದ್ದಳು. ಮನೆಯೊಳಗೆ ಯಾರ ಮುಂದೆ ಸೆರಗು? ಭಾವ ಆಫೀಸಿಗೆ ಹೋಗಿದ್ದರು. ಮಾತಾಡುವಾಗ ಹಲ್ಲು ಕಾಣದ ಹಾಗೆ ತುಟಿ ಕೂಡಿಸಿ ಮಾತಾಡುತ್ತಿದ್ದಳು. ಉಣ್ಣಲು ಪುಂಡಿಪಲ್ಯ, ರೊಟ್ಟಿ ಹಾಕಿದಳು. ಉಣ್ಣುತ್ತಲೇ ವಾಡಿ ಅತ್ತೆಯ ಹಣಮಪ್ಪನ ಕಥೆ ಹೇಳಿದೆ. ತುಟಿ ತುಸು ಬಿಚ್ಚಿತು. ನಾದಿನಿಯ ಮಾತು ಹೇಳಿದೆ. ಬೀಗತಿಯ ಮಾತು ಹೇಳಿದೆ. ಬೀಗತಿಯ ಮಾತಿಗೆ ಆಕೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಪಾಪ, ಆಕಿ ಉತ್ತರ ಭಾಳ ಛಲೋ ಇತ್ತು" ಅಂದಳು. ಆಮೇಲೆ, "ನಿನ್ನ ಫೋನ್‌ದಾಗ?" ಅಂತ ಕೇಳಿದಳು.

"ಇಲ್ಲಕ್ಕ. ನಿನ್ನೆ ಅಳಿಸಿದೆ."

"ಪೂರಾ?"

"ಪೂರಾ."

"ದಿನಾ ರೊಟ್ಟಿ ಬಡಿಯುವಾಗ ಹಚ್ಚತಿದ್ದಿ. ನಿನ್ನ ಗಂಡ ನಿನ್ನ ಭಾವಗ ಹೇಳಿದ್ದ." ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. "ಇನ್ನ ನನ್ನ ಹಾಡು ಬೇಕಂದ್ರ ಏನ್ ಮಾಡ್ತಿ?"

"ನೀ ಬರಬೇಕು. ಬ್ಯಾರೆ ದಾರಿ ಎಲ್ಲದ?"

ಕುಂಕುಮದ ಬಟ್ಟಲು ತೆಗೆದೆ. ಹಣೆ ಮುಂದೆ ಮಾಡಿದಳು. ಬರ್ತೀನಿ ಅಂತಲೂ ಹೇಳಲಿಲ್ಲ, ಬರುವುದಿಲ್ಲ ಅಂತಲೂ ಹೇಳಲಿಲ್ಲ. ನಾನು ಏಳುವಾಗ ಮಾತ್ರ ಎರಡು ಸಲ, "ಹೋಗಿ ಬರ್ತೀನಕ್ಕ" ಅಂದೆ, ಆಕೆಯ ಪಾಲಿನದನ್ನೂ ಸೇರಿಸಿ.

ಕುಬಸದ ದಿನ ಬೆಳಗಿನಿಂದ ನನ್ನ ಕಣ್ಣು ಬಾಗಿಲ ಮೇಲೆ. ಮಗಳಿಗೆ ಹಸಿರು ಸೀರೆ ಉಡಿಸಿದೆವು, ಕೈತುಂಬ ಬಳೆ ಇಡಿಸಿದೆವು. ಬಳೆಗಾರರ ಮನೆಯ ಸೊಸೆ ತಾನೇ ಬಂದು ಇಡಿಸಿದಳು. ಮಗಳನ್ನು ಕೇಳಿಯೇ ಫೋಟೋ ತೆಗೆದರು. ವಾಡಿ ಅತ್ತೆ ಬಂದರು. ನಾದಿನಿ ಬಂದಳು. ಬೀಗತಿ ಬಂದಳು, ಲಾಡೂ ಬುಟ್ಟಿಯೊಂದಿಗೆ. ಎಲೆ ಹಾಕುವ ಹೊತ್ತಿಗೆ ಅಕ್ಕ ಬಂದಳು. ಹಂದರದ ಕಂಬದ ಹತ್ತಿರ ನಿಂತು, ಯಾರ ಕೈಯಲ್ಲಿ ಏನಿದೆ ಎಂದು ನೋಡಿದಳು. ಫೋನುಗಳೆಲ್ಲ ದೇವರ ಮನೆಯ ಬುಟ್ಟಿಯಲ್ಲಿದ್ದವು, ಒಂದೊಂದು ಒಳಗೇ ಗುಂಯ್ ಅನ್ನುತ್ತಿತ್ತು. ನಾದಿನಿ ಎದ್ದು ಹೋಗಿ ಆಕೆಯ ಕಾಲು ಮುಟ್ಟಿದಳು. ಅಕ್ಕ ಆಕೆಯ ಬೆನ್ನ ಮೇಲೆ ಕೈಯಿಟ್ಟು ನನ್ನ ಪಕ್ಕ ಬಂದು ಕೂತಳು.

ಬೀಗತಿ ಎದ್ದಳು. ಕಟ್ಟಿ ಇಟ್ಟದ್ದನ್ನು ಹಾಡಿದಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಆಕೆಯನ್ನು ಕೇಳಿಲ್ಲ. ಎಲ್ಲರೂ ನಕ್ಕು ಅಕ್ಕನ ಕಡೆ ತಿರುಗಿದರು.

ಅಕ್ಕ ಏಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಎಲೆ ನೋಡುತ್ತ ಕೂತೆ, ಎಲೆಯ ಮೇಲೆ ಏನು ಬಡಿಸಿದ್ದರೋ ಕಾಣಲಿಲ್ಲ. ಸನ್ನತಿಯ ತಾಯಿಯನ್ನು ನೆನೆದೆ. ಆಗ ಮೊಣಕೈಗೆ ಬಳೆ ತಾಗಿತು. ಕೂತಲ್ಲಿಂದಲೇ, ಸೆರಗು ಬಾಯಿಯಿಂದ ಸರಿಸಿ, ಮೆಲ್ಲಗೆ ಹಾಡಿದಳು. ಈ ಎರಡು ಸಾಲು ಬರೆಯಲೇನು ಅಂತ ಆಕೆಯನ್ನು ಕೇಳಿದ್ದೇನೆ, ಬರಿ ಅಂದಿದ್ದಾಳೆ.

"ವಾಡಿ ಸಿಮೆಂಟ್ ಹಚ್ಚಿ ಹಲ್ಲು ಗಟ್ಟಿ ಮಾಡ್ಕೊಂಡ್ ಬಂದೀನಿ,
ಕಾಡಿಗಿ ಕಡ್ಡಿ ಒಗದು ಸೌಟು ಹಿಡಿಯ ಬೀಗತಿ, ಬಗ್ಗಿ ನೀಡ."

ದನಿ ಒರಟಾಗಿತ್ತು. ಬಹಳ ದಿನ ತೆರೆಯದ ಬಾಗಿಲಿನ ಹಾಗೆ ನಡುನಡುವೆ ಹಿಡಿಯುತ್ತಿತ್ತು. ಬೀಗತಿ ನಗುತ್ತ ಬಂದು, ಸೌಟು ತುಂಬ ತುಪ್ಪ ಅಕ್ಕನ ಹೋಳಿಗೆ ಮೇಲೆ ಸುರಿದಳು. "ಮುಂದ?" ಅಂದಳು. "ಮುಂದ ಹಾಡ್ರಿ."

"ಇಷ್ಟೇ ಇವತ್ತು" ಅಂದಳು ಅಕ್ಕ. "ಉಳಿದಿದ್ದು ತೊಟ್ಟಿಲಕ್ಕ ಇರಲಿ."

ಮಗಳ ಹೆರಿಗೆಗೆ ಇನ್ನೂ ದಿನ ಇವೆ. ಅಕ್ಕ ಗ್ರೂಪಿಗೆ ಮರಳಿ ಬಂದಿಲ್ಲ, ನಾನೂ ಕೇಳಿಲ್ಲ. ಶುಕ್ರವಾರದ ಪಾಠ ನಡೆದಿದೆ. ಫೋನಿನಲ್ಲಿ ಮಾತು ಈಗ ತುಸು ಉದ್ದವಾಗಿದೆ, ಹೋದ ವಾರ ಲೈಬ್ರರಿ ಮೇಡಂ ಹೇಗೆ ಮಾತಾಡುತ್ತಾಳೆ ಅಂತ ಕೇಳಿ, ಕೇಳಿದಷ್ಟರಲ್ಲೇ ಆಕೆಯನ್ನು ಅಣಕಿಸಿ ತೋರಿಸಿದಳು. ಮಧ್ಯಾಹ್ನ ಹಿಟ್ಟಿನ ಡಬ್ಬಿಯ ಹತ್ತಿರ ಕೈ ತಾನಾಗಿಯೇ ಫೋನ್ ಹುಡುಕುತ್ತದೆ. ಇಲ್ಲ ಅಂತ ನೆನಪಾಗಿ ಮತ್ತೆ ಹಿಟ್ಟಿಗೆ ಬರುತ್ತದೆ. ತೊಟ್ಟಿಲಿಗೆ ಹಾಕುವ ಹಂದರಕ್ಕೆ ಕಂಬ ಎಲ್ಲಿ ನಿಲ್ಲಿಸಬೇಕು ಅಂತ ರೊಟ್ಟಿ ತಟ್ಟುತ್ತ ಅಂಗಳವನ್ನು ನೋಡುತ್ತೇನೆ. ಒಂದು ಕಂಬ ತುಳಸಿ ಕಟ್ಟೆಯ ಬದಿಗೆ. ಅಕ್ಕ ಕೂರುವ ಕಡೆ ನೆರಳು ಬೀಳಬೇಕು.